ಏಪ್ರಿಲ್‌ನಲ್ಲಿ ಕಾರ್ಬೆಟ್: ಯಾವ ಗೇಟು, ಎಲ್ಲಿ ವಾಸ, ಬುಕಿಂಗ್ ಹೇಗೆ?

ಹೊಳೆದಂಡೆ ಕೇಳಿದ್ದು:

ಬೆಂಗಳೂರಿನಿಂದ ಐದು ಜನ ಉತ್ತರಾಖಂಡದ ಜಿಮ್ ಕಾರ್ಬೆಟ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬೇಕೆಂದಿದ್ದೇವೆ. ಇಬ್ಬರಿಗೆ 65 ದಾಟಿದೆ, ಮಗಳಿಗೆ ಒಂಬತ್ತು. ನಾಗರಹೊಳೆ, ಕಬಿನಿ ಕಡೆಯ ಸಫಾರಿ ಎಲ್ಲರಿಗೂ ಪರಿಚಯ. ಹಿಮಾಲಯದ ತಪ್ಪಲಿನ ಕಾಡು ಇದೇ ಮೊದಲು.

ಗೊಂದಲ ಇಷ್ಟು. ಜನವರಿಯೋ ಏಪ್ರಿಲೋ? ಒಬ್ಬ ಏಜೆಂಟ್ "ಧಿಕಾಲಾಕ್ಕೆ ಬೆಳಿಗ್ಗೆ ಜಿಪ್ಸಿ, ಮಧ್ಯಾಹ್ನ ವಾಪಸ್" ಅನ್ನುತ್ತಾರೆ, ಇನ್ನೊಬ್ಬರು ಅದು ಸಾಧ್ಯವೇ ಇಲ್ಲ ಅನ್ನುತ್ತಾರೆ. ಯಾರ ಮಾತು ಸರಿ? ರೆಸಾರ್ಟ್ ಬುಕ್ ಮಾಡಿ ಆಮೇಲೆ ಸಫಾರಿ ನೋಡಿಕೊಳ್ಳಬಹುದಾ? ದೆಹಲಿಯಿಂದ ಹೋಗುವುದು ಹೇಗೆ? ಗೊತ್ತಿರುವವರು ವಿವರವಾಗಿ ಹೇಳಿ.

---

ಸಾಲವೃಕ್ಷ ಉತ್ತರ:

ಎರಡನೆಯವರ ಮಾತು ಸರಿ. ಧಿಕಾಲಾ ವಲಯಕ್ಕೆ ಬೆಳಿಗ್ಗೆ ಹೋಗಿ ಸಂಜೆಗೆ ಬರುವವರಿಗೆ ಜಿಪ್ಸಿ ಬಿಡುವುದಿಲ್ಲ. ಒಳಗಿನ ಅರಣ್ಯ ಅತಿಥಿಗೃಹದಲ್ಲಿ ರಾತ್ರಿ ಉಳಿಯುವ ಪರವಾನಗಿ ಇದ್ದರೆ ಮಾತ್ರ ಜಿಪ್ಸಿ. ಉಳಿಯದವರಿಗೆ ಇಲಾಖೆಯ ಕ್ಯಾಂಟರ್ ಇದೆ, 16 ಸೀಟಿನ ತೆರೆದ ಗಾಡಿ. "ಧಿಕಾಲಾ ಡೇ ಜಿಪ್ಸಿ" ಎಂದು ದುಡ್ಡು ಕೇಳುವವರು ಕೊನೆಗೆ ಕ್ಯಾಂಟರ್ ಹತ್ತಿಸುತ್ತಾರೆ, ಇಲ್ಲವೇ ಬೇರೆ ಗೇಟಿಗೆ ಕರೆದೊಯ್ಯುತ್ತಾರೆ.

ಕಾರ್ಬೆಟ್‌ನಲ್ಲಿ ಮೊದಲು ತೀರ್ಮಾನಿಸಬೇಕಾದದ್ದು ಗೇಟು, ಅಂದರೆ ಯಾವ ವಲಯಕ್ಕೆ ಹೋಗುವುದು ಎಂಬುದು. ಗೇಟು ಗೊತ್ತಾದ ಮೇಲೆ ದಿನಾಂಕ, ಪರವಾನಗಿ ಕೈಗೆ ಬಂದ ಮೇಲೆ ಹೋಟೆಲು, ಕಟ್ಟಕಡೆಗೆ ವಿಮಾನದ ಟಿಕೆಟ್. ಈ ಕ್ರಮ ತಲೆಕೆಳಗಾದಾಗಲೇ ಜನ ಪರದಾಡುವುದು. ಕಬಿನಿಯಲ್ಲಿ ಜಂಗಲ್ ಲಾಡ್ಜಸ್‌ನಲ್ಲಿ ರೂಮು ತೆಗೆದುಕೊಂಡರೆ ಸಫಾರಿ ಅದರ ಜೊತೆಗೇ ಬರುತ್ತದೆ. ಇಲ್ಲಿ ರೆಸಾರ್ಟಿಗೂ ಸಫಾರಿಗೂ ಸಂಬಂಧವೇ ಇಲ್ಲ. ರೆಸಾರ್ಟ್‌ಗಳೆಲ್ಲ ಉದ್ಯಾನದ ಹೊರಗೆ, ಪರವಾನಗಿ ಕೊಡುವುದು ಅರಣ್ಯ ಇಲಾಖೆ.

ಎಲ್ಲದಕ್ಕೂ ಕೇಂದ್ರ ರಾಮನಗರ ಪಟ್ಟಣ. ಅಲ್ಲಿಂದ ಲೆಕ್ಕ ಹಾಕಿ:

ಧಿಕಾಲಾ: ಪ್ರವೇಶ ಧನಗಢಿ ಗೇಟಿನಿಂದ, ರಾಮನಗರದಿಂದ ರಾಣಿಖೇತ್ ರಸ್ತೆಯಲ್ಲಿ ಸುಮಾರು 18 ಕಿ.ಮೀ. ಗೇಟಿನಿಂದ ಧಿಕಾಲಾ ಕ್ಯಾಂಪಸ್‌ಗೆ ಕಾಡಿನೊಳಗೆ ಇನ್ನೂ 31 ಕಿ.ಮೀ. ನವೆಂಬರ್ 15ರಿಂದ ಜೂನ್ 15ರವರೆಗೆ ತೆರೆದಿರುತ್ತದೆ.

ಬಿಜ್ರಾನಿ: ಆಮ್‌ಡಂಡಾ ಗೇಟು ಊರಿಗೆ ಅಂಟಿಕೊಂಡಂತೆಯೇ ಇದೆ. ದಿನದ ಜಿಪ್ಸಿಗೆ ಇದೇ ನನ್ನ ಮೊದಲ ಆಯ್ಕೆ. ಸಾಲ್ ಮರದ ಕಾಡು, ಹುಲ್ಲುಗಾವಲು, ಒಣ ಹಳ್ಳ ಮೂರೂ ಸಿಗುತ್ತವೆ. ಅಕ್ಟೋಬರ್ 15ರಿಂದ ಜೂನ್ 30.

ಝಿರ್ನಾ ಮತ್ತು ಢೇಲಾ: ರಾಮನಗರದ ಇನ್ನೊಂದು ದಿಕ್ಕಿನಲ್ಲಿ, ಸುಮಾರು 15 ಕಿ.ಮೀ. ವರ್ಷವಿಡೀ ತೆರೆದಿರುತ್ತವೆ. ಝಿರ್ನಾ ಕಡೆ ಕರಡಿ ಕಾಣುವ ಸಂಭವ ಹೆಚ್ಚು.

ದುರ್ಗಾದೇವಿ: ಗುಡ್ಡಗಾಡು. ಪಕ್ಷಿ ನೋಡುವವರಿಗೆ ಹೇಳಿಮಾಡಿಸಿದ ಜಾಗ, ಹುಲಿಯನ್ನೇ ಅರಸಿ ಹೋಗುವವರಿಗೆ ಅಲ್ಲ.

ಫಾಟೊ, ಸೀತಾಬನಿ ಎಂಬ ಹೆಸರುಗಳೂ ಕಿವಿಗೆ ಬೀಳುತ್ತವೆ. ಅವು ರಾಷ್ಟ್ರೀಯ ಉದ್ಯಾನದೊಳಗಿಲ್ಲ, ಪಕ್ಕದ ಅರಣ್ಯ ವಿಭಾಗಗಳಿಗೆ ಸೇರಿದವು. ಕೆಟ್ಟ ಕಾಡೇನಲ್ಲ, ಅಲ್ಲೂ ಹುಲಿ ಓಡಾಡುತ್ತವೆ. ಆದರೆ ಕಾರ್ಬೆಟ್ ಕೋರ್ ವಲಯದ ಬೆಲೆ ಹೇಳಿ ಅಲ್ಲಿಗೆ ಕರೆದೊಯ್ದರೆ ಅದು ಮೋಸ. ಪರವಾನಗಿ ಕಾಗದದಲ್ಲಿ ವಲಯದ ಹೆಸರು ಅಚ್ಚಾಗಿರುತ್ತದೆ. ಹಣ ಕೊಡುವ ಮೊದಲು ಅದನ್ನು ಕೇಳಿ ನೋಡಿ.

ಪರವಾನಗಿ ಆನ್‌ಲೈನ್‌ನಲ್ಲೇ. ಭಾರತೀಯರಿಗೆ 45 ದಿನ ಮೊದಲು ತೆರೆಯುತ್ತದೆ. ಏಪ್ರಿಲ್ 10ಕ್ಕೆ ಬೇಕಾದರೆ ಫೆಬ್ರವರಿ 24ಕ್ಕೆ ಕಂಪ್ಯೂಟರ್ ಮುಂದೆ ಕೂತಿರಬೇಕು. ಎಲ್ಲರ ಹೆಸರು, ವಯಸ್ಸು, ಗುರುತಿನ ಚೀಟಿಯ ಸಂಖ್ಯೆ ಮೊದಲೇ ಬರೆದಿಟ್ಟುಕೊಳ್ಳಿ. ತುಂಬುತ್ತಾ ಕೂತರೆ ಅಷ್ಟರಲ್ಲಿ ಸೀಟು ಹೋಗಿರುತ್ತದೆ. ಹೆಸರು ಗುರುತಿನ ಚೀಟಿಯಲ್ಲಿ ಹೇಗಿದೆಯೋ ಹಾಗೇ ಹಾಕಿ. ನಮ್ಮ ಕಡೆಯ ಇನಿಷಿಯಲ್ ಇಲ್ಲಿ ತೊಂದರೆ ಕೊಡುತ್ತದೆ: ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರಿದ್ದು, ಪರವಾನಗಿಯಲ್ಲಿ ಬರೀ "ಕೆ" ಎಂದಿದ್ದರೆ ಗೇಟಿನಲ್ಲಿ ವಿವರಣೆ ಕೊಡುತ್ತಾ ನಿಲ್ಲಬೇಕು. ಚೀಟಿಯ ಮೂಲಪ್ರತಿ ಒಯ್ಯಿರಿ. ಪರವಾನಗಿಯಲ್ಲಿ ಹೆಸರು ಬದಲಿಸಲು ಬರುವುದಿಲ್ಲ, ಹೋಗಲಾಗದವರ ಬದಲು ಇನ್ನೊಬ್ಬರನ್ನು ಕೂರಿಸಲೂ ಬರುವುದಿಲ್ಲ.

ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ತಾಣಗಳು ತುಂಬ ಇವೆ, ಹುಡುಕಿದಾಗ ಮೊದಲು ಬರುವುದೂ ಅವೇ. "ನಮ್ಮ ಪ್ರತಿನಿಧಿ ಕರೆ ಮಾಡುತ್ತಾರೆ" ಎಂದರೆ ಅದು ಏಜೆಂಟರ ತಾಣ. ಇಲಾಖೆಯ ತಾಣದಲ್ಲಿ ವಲಯ, ದಿನಾಂಕ, ಉಳಿದ ಸೀಟು ಕಣ್ಣೆದುರೇ ಇರುತ್ತವೆ, ದುಡ್ಡು ಕಟ್ಟಿದ ಕೂಡಲೇ ಪರವಾನಗಿ ಬರುತ್ತದೆ.

ಖರ್ಚು ಮೂರು ಪಾಲು: ಪರವಾನಗಿ, ಜಿಪ್ಸಿ ಬಾಡಿಗೆ, ಗೈಡ್ ಶುಲ್ಕ. ಆನ್‌ಲೈನ್‌ನಲ್ಲಿ ಕಟ್ಟುವುದು ಮೊದಲನೆಯದು ಮಾತ್ರ. ಬಾಕಿ ಎರಡಕ್ಕೆ ಅಲ್ಲಿ ನಗದು ಬೇಕಾಗುತ್ತದೆ. ಜಿಪ್ಸಿಯಲ್ಲಿ ಡ್ರೈವರ್, ಗೈಡ್ ಬಿಟ್ಟು ಆರು ಜನ. ನೀವು ಐವರು ಒಂದೇ ಗಾಡಿಯಲ್ಲಿ ಹಿಡಿಸುತ್ತೀರಿ. ಸ್ವಂತ ಕಾರನ್ನು ಸಫಾರಿಗೆ ಬಿಡುವುದಿಲ್ಲ, ನೋಂದಾಯಿತ ಜಿಪ್ಸಿಯೇ ಆಗಬೇಕು.

---

ಹಿನ್ನೀರು ಉತ್ತರ:

ಕಾಲದ ಬಗ್ಗೆ ನಾನು ಹೇಳುತ್ತೇನೆ. ಏಪ್ರಿಲ್ ಹಿಡಿಯಿರಿ, ಅದರಲ್ಲೂ ಧಿಕಾಲಾ ಸಿಕ್ಕರೆ ಎರಡನೇ ಯೋಚನೆ ಬೇಡ.

ಕಾರಣ ರಾಮಗಂಗಾ ಅಣೆಕಟ್ಟು. ಕಾಲಾಗಢದಲ್ಲಿ 1974ರಲ್ಲಿ ಅದು ಮುಗಿದಾಗ ಪಾಟ್ಲಿ ದೂನ್ ಕಣಿವೆಯ ದೊಡ್ಡ ಹುಲ್ಲುಗಾವಲು ನೀರಿನಡಿ ಹೋಯಿತು. ಮಳೆಗಾಲ ಮುಗಿಯುವಾಗ ಜಲಾಶಯ ತುಂಬಿರುತ್ತದೆ. ಚಳಿಗಾಲದಿಂದ ಕೆಳಗಿನ ಬಯಲಿನ ನೀರಾವರಿಗೆ ಬಿಡುತ್ತಾ ಬಂದಂತೆ ನೀರು ಹಿಂದೆ ಸರಿಯುತ್ತದೆ. ಮಾರ್ಚ್ ಹೊತ್ತಿಗೆ ಹೊರಬಿದ್ದ ಒದ್ದೆ ಮಣ್ಣಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡು ಒಣಗಿದ್ದಾಗ ಹಸಿರೂ ನೀರೂ ಇರುವುದು ಅಲ್ಲಿ ಮಾತ್ರ, ಹಾಗಾಗಿ ಆನೆಗಳು ಹಿಂಡು ಹಿಂಡಾಗಿ ಇಳಿದು ಬರುತ್ತವೆ. ಕಬಿನಿಯ ಹಿನ್ನೀರಿನಲ್ಲಿ ಬೇಸಿಗೆಗೆ ಆನೆ ಸೇರುವುದೂ ಇದೇ ಕಾರಣಕ್ಕೆ, ಹಾಗಾಗಿ ನಿಮಗೆ ತಟ್ಟನೆ ಅರ್ಥವಾಗುತ್ತದೆ. ನೋಟ ಮಾತ್ರ ಬೇರೆ. ಎದುರಿಗೆ ಧಿಕಾಲಾ ಚೌರ್ (ಅಲ್ಲಿನವರು ಹುಲ್ಲುಗಾವಲಿಗೆ ಚೌರ್ ಅನ್ನುತ್ತಾರೆ), ಅದರಾಚೆ ನದಿ, ಹಿಂದೆ ಗೋಡೆಯಂತೆ ಬೆಟ್ಟದ ಸಾಲು. ತಾಯಾನೆ ಹುಲ್ಲಿನ ಕಟ್ಟನ್ನು ಸೊಂಡಿಲಿನಿಂದ ಸುತ್ತಿ, ಕಾಲಿನಿಂದ ಬುಡಕ್ಕೆ ಒದ್ದು ಕಿತ್ತು, ಮಣ್ಣು ಉದುರಲೆಂದು ಮುಂಗಾಲಿಗೆ ಎರಡು ಸಲ ಬಡಿದು ಬಾಯಿಗಿಡುತ್ತದೆ. ಪಕ್ಕದ ಮರಿ ಅದನ್ನೇ ಮಾಡಲು ಹೋಗಿ ಹುಲ್ಲು ಕೆಳಗೆ ಬೀಳಿಸುತ್ತದೆ. ಅರ್ಧ ಗಂಟೆ ಗಾಡಿ ನಿಲ್ಲಿಸಿ ಇದನ್ನು ನೋಡಿದರೂ ಸಫಾರಿ ಸಾರ್ಥಕ. ಡ್ರೈವರ್ ಹುಲಿ ಹಿಂದೆ ಓಡಿಸಲು ಅವಸರ ಮಾಡಿದರೆ ನಿಲ್ಲಿಸಲು ಹೇಳಿ.

ಜನವರಿಯಲ್ಲಿ ಆನೆ ಕಡಿಮೆ, ಹುಲ್ಲು ಆಳೆತ್ತರ, ಬೆಳಗಿನ ಮಂಜು ಒಂಬತ್ತು ಗಂಟೆಯಾದರೂ ಬಿಡುವುದಿಲ್ಲ. ಮುಂಜಾನೆ ತಾಪಮಾನ 5 ಡಿಗ್ರಿಯ ಆಸುಪಾಸು. ತೆರೆದ ಜಿಪ್ಸಿ ಓಡುವಾಗ ಆ ಗಾಳಿ ಹಿರಿಯರಿಗೆ ಕಷ್ಟ. ವಲಸೆ ಹಕ್ಕಿ ನೋಡುವುದಿದ್ದರೆ ಮಾತ್ರ ಚಳಿಗಾಲ ಸರಿ. ಮೇ, ಜೂನ್ ಹುಲಿಗೆ ಇನ್ನೂ ಒಳ್ಳೆಯ ಕಾಲ, ಏಕೆಂದರೆ ಬಿಸಿಲಿಗೆ ಅವು ನೀರು ಬಿಟ್ಟು ಹೋಗುವುದಿಲ್ಲ. ಆದರೆ 40 ಡಿಗ್ರಿ ದಾಟುತ್ತದೆ, ನಿಮ್ಮ ಗುಂಪಿಗೆ ಬೇಡ.

ನಾಗರಹೊಳೆಗೆ ಹೋಲಿಸಿದರೆ: ಕಾಟಿ ಇಲ್ಲಿಲ್ಲ. ಬದಲಿಗೆ ನಮ್ಮ ಕಡೆ ಇಲ್ಲದ ಪಾಡಾ ಎಂಬ ಗಿಡ್ಡ ಜಿಂಕೆ ಚೌರ್‌ನ ಹುಲ್ಲಿನಲ್ಲಿ ತಲೆ ತಗ್ಗಿಸಿ ನುಗ್ಗುತ್ತದೆ. ರಾಮಗಂಗೆಯಲ್ಲಿ ಉದ್ದ ಮೂತಿಯ ಘರಿಯಾಲ್, ಮಾಮೂಲಿ ಮೊಸಳೆ, ನೀರುನಾಯಿ, ದೊಡ್ಡ ಮಹಶೀರ್ ಮೀನು ಇವೆ. 2022ರ ಗಣತಿಯಂತೆ ಕಾರ್ಬೆಟ್‌ನಲ್ಲಿ 260 ಹುಲಿ, ದೇಶದ ಯಾವ ಹುಲಿ ಮೀಸಲಿನಲ್ಲೂ ಇಷ್ಟಿಲ್ಲ. ಬಂಡೀಪುರದಲ್ಲಿ ಆಗ 150, ನಾಗರಹೊಳೆಯಲ್ಲಿ 141. ಆದರೆ 260 ಇವೆ ಎಂದ ಮಾತ್ರಕ್ಕೆ ಕಾಣುತ್ತವೆ ಎಂದಲ್ಲ. ಮೀಸಲಿನ ವಿಸ್ತೀರ್ಣ 1,288 ಚದರ ಕಿ.ಮೀ., ಪ್ರವಾಸಿಗರಿಗೆ ಬಿಟ್ಟಿರುವುದು ಅದರಲ್ಲೊಂದು ಪಾಲು, ಸಾಲ್ ಕಾಡಿನ ದಟ್ಟಣೆ ಬೇರೆ. ಹುಲಿ ರಸ್ತೆ ದಾಟಿ ಒಳಗೆ ಹೋದರೆ ಕೆಲವೇ ಕ್ಷಣದಲ್ಲಿ ಮಾಯ. ಮಗುವಿಗೆ ಇದನ್ನು ಮೊದಲೇ ಹೇಳಿಡಿ.

---

ಹೊಳೆದಂಡೆ:

ಇಬ್ಬರಿಗೂ ಧನ್ಯವಾದ. ಹಾಗಾದರೆ ಏಪ್ರಿಲ್, ಧಿಕಾಲಾದಲ್ಲಿ ಎರಡು ರಾತ್ರಿ ಸಿಗುತ್ತದಾ ನೋಡುತ್ತೇನೆ. ಒಳಗೆ ಊಟ, ಶೌಚಾಲಯ, ಕರೆಂಟು ಹೇಗೆ? ಅಪ್ಪನಿಗೆ ಮಂಡಿನೋವು ಇದೆ. ರೂಮು ಸಿಗದಿದ್ದರೆ ಕ್ಯಾಂಟರ್ ಆಗುತ್ತದಾ?

---

ಗೈರಾಲ್ ದಾರಿ ಉತ್ತರ:

ಧಿಕಾಲಾ ಕ್ಯಾಂಪಸ್‌ನಲ್ಲಿ ಹಳೆಯ ಅತಿಥಿಗೃಹ, ಹೊಸದು, ಅನೆಕ್ಸ್, ಕ್ಯಾಬಿನ್ ಹೀಗೆ ಹಲವು ತರಹದ ಕೋಣೆಗಳಿವೆ. ಇವುಗಳಲ್ಲಿ ಶೌಚಾಲಯ ಕೋಣೆಗೆ ಸೇರಿಕೊಂಡೇ ಇರುತ್ತದೆ. ಲಾಗ್ ಹಟ್ ಎಂಬುದು ಡಾರ್ಮಿಟರಿ: ರೈಲಿನಂತೆ ಒಂದರ ಮೇಲೊಂದು ಮಂಚ, ಎಲ್ಲರಿಗೂ ಸೇರಿ ಶೌಚಾಲಯ. ಅಗ್ಗ ಎಂದು ಹಿರಿಯರಿಗೆ ಅದನ್ನು ತೆಗೆದುಕೊಳ್ಳಬೇಡಿ. ಕೆಳಗಿನ ಮಂಚ ಸಿಕ್ಕೇ ಸಿಗುತ್ತದೆಂಬ ಖಾತರಿ ಇಲ್ಲ, ರಾತ್ರಿ ಎದ್ದು ಹೊರಗೆ ಓಡಾಡುವುದೂ ಕಷ್ಟ.

ಕ್ಯಾಂಟೀನಿನಲ್ಲಿ ಸಸ್ಯಾಹಾರ ಮಾತ್ರ. ರೊಟ್ಟಿ, ದಾಲ್, ಪಲ್ಯ, ಅನ್ನ ಸಿಗುತ್ತದೆ. ಮಾಂಸ, ಮದ್ಯ ಉದ್ಯಾನದೊಳಗೆ ನಿಷೇಧ, ಗೇಟಿನಲ್ಲಿ ಚೀಲ ನೋಡುತ್ತಾರೆ. ಹಿರಿಯರ ಔಷಧಿ, ಮಗುವಿಗೆ ಬೇಕಾದ ತಿಂಡಿ, ಮೊಸರು ಇಲ್ಲದೆ ಊಟ ಸೇರದವರಿದ್ದರೆ ಅದೂ ಸೇರಿ ರಾಮನಗರದಲ್ಲೇ ತೆಗೆದುಕೊಳ್ಳಿ, ಒಳಗೆ ಅಂಗಡಿ ಬೀದಿಯಿಲ್ಲ. ತಿಂಡಿಯನ್ನು ಕೈಯಲ್ಲಿ ಹಿಡಿದು ಕ್ಯಾಂಪಸ್‌ನಲ್ಲಿ ನಡೆಯಬೇಡಿ, ಕೋತಿಗಳು ಕಸಿಯುತ್ತವೆ. ಕೋಣೆಯ ಬಾಗಿಲಿಗೆ ಚಿಲಕ ಹಾಕಿಯೇ ಹೊರಡಿ.

ಕ್ಯಾಂಪಸ್ ಸುತ್ತ ಸೋಲಾರ್ ಬೇಲಿಯಿದೆ. ಕತ್ತಲಾದ ಮೇಲೆ ಅದರಾಚೆ ಕಾಲಿಡುವಂತಿಲ್ಲ. ಒಬ್ಬೊಬ್ಬರಿಗೊಂದು ಟಾರ್ಚ್ ಇರಲಿ.

ಧಿಕಾಲಾ ತುಂಬಿದ್ದರೆ ಅದೇ ದಾರಿಯ ಗೈರಾಲ್ ನೋಡಿ. ರಾಮಗಂಗೆಯ ದಡದಲ್ಲೇ ಇದೆ, ಧಿಕಾಲಾದಷ್ಟು ಜನಸಂದಣಿಯಿಲ್ಲ, ಧಿಕಾಲಾದ ಹುಲ್ಲುಗಾವಲಿಗೂ ಅಲ್ಲಿಂದ ಹೋಗಿ ಬರಬಹುದು. ಸುಲ್ತಾನ್, ಮಲಾನಿಯಂಥ ಸಣ್ಣ ಅತಿಥಿಗೃಹಗಳಲ್ಲಿ ಕ್ಯಾಂಟೀನ್ ಇಲ್ಲ. ಅಕ್ಕಿ, ಬೇಳೆ, ತರಕಾರಿ, ಎಣ್ಣೆ, ಕುಡಿಯುವ ನೀರು ಎಲ್ಲ ಹೊತ್ತು ಹೋಗಬೇಕು. ಅವು ಇಷ್ಟಪಡುವವರಿಗೆ ಸ್ವರ್ಗ, ನಿಮ್ಮ ಗುಂಪಿಗೆ ಮೊದಲ ಸಲಕ್ಕೆ ಬೇಡ.

ರಾತ್ರಿ ಉಳಿಯುವವರು ಜಿಪ್ಸಿಯನ್ನು ಪೂರ್ತಿ ಅವಧಿಗೆ ಹಿಡಿಯಬೇಕು, ಗಾಡಿಯೂ ಡ್ರೈವರೂ ನಿಮ್ಮ ಜೊತೆ ಒಳಗೇ ಇರುತ್ತಾರೆ. ಎರಡು ರಾತ್ರಿಗೆ ಮೂರು ದಿನದ ಬಾಡಿಗೆ ಎಂದು ಲೆಕ್ಕ ಹಿಡಿದರೆ ಆಮೇಲೆ ತಕರಾರಿಲ್ಲ. ಅಪ್ಪನವರನ್ನು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂರಿಸುವಂತೆ ಗೈಡ್‌ಗೆ ಮೊದಲೇ ಹೇಳಿ. ಹಿಂದಿನ ಎತ್ತರದ ಸೀಟಿಗೆ ಹತ್ತುವಾಗ ಮಂಡಿ ಪೂರ್ತಿ ಮಡಿಸಬೇಕು, ಹಿಂಚಕ್ರದ ಮೇಲೆ ಕುಲುಕಾಟವೂ ಹೆಚ್ಚು. ಅದೇ ಕಾರಣಕ್ಕೆ ಕ್ಯಾಂಟರ್ ಬೇಡ ಅನ್ನುತ್ತೇನೆ. ಮೆಟ್ಟಿಲು ಎತ್ತರ, ನಾಲ್ಕೈದು ಗಂಟೆ ಓಡಾಟ, ಅದರಲ್ಲಿ ಬಹುಪಾಲು ಧಿಕಾಲಾಕ್ಕೆ ಹೋಗಿಬರುವುದರಲ್ಲೇ ಕಳೆಯುತ್ತದೆ. ರೂಮು ಸಿಗದಿದ್ದರೆ ಬಿಜ್ರಾನಿಯಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಜಿಪ್ಸಿ ಸಫಾರಿ ಮಾಡುವುದೇ ಮೇಲು.

ಇನ್ನು ಮೊಬೈಲ್. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಾರ್ಬೆಟ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಲ್ಲಿ, ಹುಲಿ ಮೀಸಲಿನ ಕೋರ್ ಪ್ರದೇಶದ ಪ್ರವಾಸಿ ವಲಯದಲ್ಲಿ ಮೊಬೈಲ್ ಬಳಸಬಾರದು ಎಂದಿದೆ. ಒಂದು ಗಾಡಿಯಿಂದ ಇನ್ನೊಂದಕ್ಕೆ "ಹುಲಿ ಇಲ್ಲಿದೆ" ಎಂದು ಫೋನ್ ಹೋದರೆ ಹತ್ತಾರು ಜಿಪ್ಸಿ ಒಂದೇ ಕಡೆ ನುಗ್ಗಿ ಪ್ರಾಣಿಯ ದಾರಿ ಕಟ್ಟಿಬಿಡುತ್ತವೆ, ಇದು ನಿಲ್ಲಲೇಬೇಕಿತ್ತು. ಫೋಟೊ ಬೇಕಿದ್ದರೆ ಕ್ಯಾಮೆರಾ ತೆಗೆದುಕೊಂಡು ಹೋಗಿ, ಫೋನನ್ನೇ ನೆಚ್ಚಿಕೊಳ್ಳಬೇಡಿ. ಪರವಾನಗಿಯನ್ನು ಕಾಗದದಲ್ಲಿ ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಿ, ಎರಡು ಪ್ರತಿ.

---

ಮೊರಾದಾಬಾದ್ ಪ್ಯಾಸೆಂಜರ್ ಉತ್ತರ:

ದಾರಿಯ ವಿವರ. ರೈಲು ಹುಡುಕುವಾಗ ಎಚ್ಚರ: ನಮ್ಮ ಬೆಂಗಳೂರು-ಮೈಸೂರು ಹಾದಿಯ ರಾಮನಗರವೂ ಪಟ್ಟಿಯಲ್ಲಿ ಬರುತ್ತದೆ. ಉತ್ತರಾಖಂಡದ ನಿಲ್ದಾಣದ ಸಂಕೇತ ಆರ್‌ಎಂಆರ್ (RMR).

ದೆಹಲಿಯಿಂದ ರಸ್ತೆಯಲ್ಲಿ ಹಾಪುಡ್, ಮೊರಾದಾಬಾದ್, ಕಾಶೀಪುರ ದಾಟಿ ರಾಮನಗರ, ಸುಮಾರು 250 ಕಿ.ಮೀ. ಐದಾರು ಗಂಟೆ ಇಟ್ಟುಕೊಳ್ಳಿ. ಶುಕ್ರವಾರ ಸಂಜೆ ದೆಹಲಿ ಬಿಟ್ಟರೆ ಊರಿನಿಂದ ಹೊರಬೀಳುವುದಕ್ಕೇ ಎರಡು ಗಂಟೆ ಹೋಗುತ್ತದೆ. ರೈಲಿನಲ್ಲಾದರೆ ಬೆಳಿಗ್ಗೆ ನವದೆಹಲಿಯಿಂದ ಹೊರಡುವ ಕಾಠಗೋದಾಮ್ ಶತಾಬ್ದಿ ಹಿಡಿದು ಹಲ್ದ್ವಾನಿಯಲ್ಲಿ ಇಳಿಯಿರಿ. ಅಲ್ಲಿಂದ ಕಾಲಾಢೂಂಗಿ ಮೇಲೆ ರಾಮನಗರ ಸುಮಾರು 55 ಕಿ.ಮೀ., ಟ್ಯಾಕ್ಸಿ ಸಿಗುತ್ತದೆ. ಹಿರಿಯರಿಗೆ ಇದು ಕಾರಿಗಿಂತ ಆರಾಮ. ಕಾಲಾಢೂಂಗಿಯಲ್ಲಿ ಜಿಮ್ ಕಾರ್ಬೆಟ್ ಚಳಿಗಾಲ ಕಳೆಯುತ್ತಿದ್ದ ಮನೆ ಈಗ ಮ್ಯೂಸಿಯಂ, ದಾರಿಯಲ್ಲೇ ಸಿಗುವುದರಿಂದ ಒಂದು ಗಂಟೆ ಇಳಿದು ನೋಡಬಹುದು. ಪಂತನಗರದಲ್ಲಿ ವಿಮಾನ ನಿಲ್ದಾಣ ಇದೆ, ಆದರೆ ವಿಮಾನಗಳು ಕಡಿಮೆ.

ಬೆಂಗಳೂರಿನಿಂದ ಹೊರಟ ದಿನವೇ ಸಫಾರಿ ಇಟ್ಟುಕೊಳ್ಳಬೇಡಿ. ವಿಮಾನ ಎರಡು ಗಂಟೆ ತಡವಾದರೆ ಗೇಟಿನ ಸಮಯ ಮೀರುತ್ತದೆ, ನಿಮ್ಮ ವಿಮಾನ ತಡವೆಂದು ಪರವಾನಗಿಯ ದಿನಾಂಕ ಮುಂದಕ್ಕೆ ಹೋಗುವುದಿಲ್ಲ. ಮೊದಲ ರಾತ್ರಿ ರಾಮನಗರದಲ್ಲಿ ಉಳಿಯಿರಿ.

ಹೋಟೆಲ್ ವಿಷಯಕ್ಕೆ ಒಂದು ಮಾತು. ರೆಸಾರ್ಟ್‌ಗಳು ಹೆಚ್ಚಾಗಿ ಢಿಕುಲಿಯಲ್ಲಿವೆ, ರಾಣಿಖೇತ್ ರಸ್ತೆಯಲ್ಲಿ. ಧನಗಢಿ ಗೇಟಿಗೆ ಅದು ಹತ್ತಿರ. ಅಲ್ಲಿದ್ದುಕೊಂಡು ಝಿರ್ನಾ ಪರವಾನಗಿ ತೆಗೆದರೆ ಬೆಳಗಿನ ಜಾವ ಊರು ದಾಟಿ ಇನ್ನೊಂದು ತುದಿಗೆ ಓಡಬೇಕು.

---

ಕಡವೆಕೂಗು ಉತ್ತರ:

ಸಾಲವೃಕ್ಷ ಅವರ ಮಾತಿಗೆ ಒಂದು ಸೇರ್ಪಡೆ. ಝಿರ್ನಾ, ಢೇಲಾ ವರ್ಷವಿಡೀ ತೆರೆದಿರುತ್ತವೆ ನಿಜ, ಆದರೆ ಜುಲೈನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆ ಬಂದ ದಿನ ಮುಚ್ಚುತ್ತಾರೆ. ತಪ್ಪಲಿನ ಹಳ್ಳಗಳು ವರ್ಷದ ಬಹುಕಾಲ ಬರೀ ಕಲ್ಲಿನ ಹರವು. ಮೇಲಿನ ಬೆಟ್ಟದಲ್ಲಿ ಮಳೆ ಸುರಿದರೆ ಇಲ್ಲಿ ಬಿಸಿಲಿದ್ದರೂ ನಿಮಿಷಗಳಲ್ಲಿ ಪ್ರವಾಹ ನುಗ್ಗುತ್ತದೆ. ರಾಣಿಖೇತ್ ರಸ್ತೆಯ ಧನಗಢಿ ಹಳ್ಳದಲ್ಲಿ ಗಾಡಿಗಳು ಕೊಚ್ಚಿಹೋಗಿವೆ. ಮಳೆಗಾಲದಲ್ಲಿ ಈ ಚರ್ಚೆ ಓದುವವರು ಹರಿಯುವ ಹಳ್ಳಕ್ಕೆ ಗಾಡಿ ಇಳಿಸಲೇಬೇಡಿ, ನೀರು ಇಳಿಯುವವರೆಗೆ ಕಾಯಿರಿ.

ಇನ್ನು ಕಾಡಿನೊಳಗೆ. ಕಾರ್ಬೆಟ್‌ನಲ್ಲಿ ಹುಲಿ ಹುಡುಕುವುದು ಕಣ್ಣಿಗಿಂತ ಕಿವಿಯಿಂದ. ಚುಕ್ಕೆ ಜಿಂಕೆ ಒಂದೆರಡು ಸಲ ಕೂಗಿ ಸುಮ್ಮನಾದರೆ ಅಷ್ಟು ನಂಬಬೇಡಿ, ಅದು ಚಿರತೆಗೂ ಕೂಗುತ್ತದೆ, ಗಾಬರಿಯಾದರೂ ಕೂಗುತ್ತದೆ. ಮರದ ಮೇಲಿನ ಮುಸುವ ಒಂದೇ ದಿಕ್ಕು ನೋಡುತ್ತಾ ಕೆಮ್ಮಿದಂತೆ ಕೂಗಿದರೆ ಏನೋ ಇದೆ. ಕಡವೆ ಬಾಲ ನಿಮಿರಿಸಿ, ನೆಲಕ್ಕೆ ಕಾಲು ಕುಟ್ಟಿ "ಢೋಂಕ್" ಎಂದು ಮತ್ತೆ ಮತ್ತೆ ಕೂಗಿದರೆ ಗಾಡಿ ಆಫ್ ಮಾಡಿಸಿ ಮಾತು ನಿಲ್ಲಿಸಿ. ಕೂಗು ಜಾಗ ಬದಲಿಸುತ್ತಿದ್ದರೆ ಹುಲಿ ನಡೆಯುತ್ತಿದೆ, ಅದು ರಸ್ತೆ ದಾಟುವ ಜಾಗದಲ್ಲಿ ಕಾಯಬಹುದು. ಕೂಗು ಪೂರ್ತಿ ನಿಂತರೆ ಮಲಗಿರಬಹುದು, ಇಪ್ಪತ್ತು ನಿಮಿಷ ಕಾದು ಮುಂದೆ ಹೋಗಿ. ಒಳ್ಳೆಯ ಗೈಡ್ ಇದನ್ನೇ ಮಾಡುತ್ತಾರೆ. ಎಂಜಿನ್ ಆಫ್ ಮಾಡದೆ ಸುತ್ತುತ್ತಲೇ ಇರುವವರ ಕಿವಿಗೆ ಏನೂ ಬೀಳುವುದಿಲ್ಲ.

ಬಟ್ಟೆ ಖಾಕಿ, ಕಂದು, ಮಾಸಲು ಹಸಿರು ಇರಲಿ. ಧೂಳಿಗೆ ಮಾಸ್ಕ್ ಅಥವಾ ಮುಖಕ್ಕೆ ಸುತ್ತಲು ತೆಳು ಟವೆಲ್. ಏಪ್ರಿಲ್‌ನಲ್ಲೂ ಮುಂಜಾನೆ ಗಾಳಿಗೆ ಒಂದು ತೆಳು ಜಾಕೆಟ್ ಬೇಕಾಗುತ್ತದೆ, ಎಂಟು ಗಂಟೆಗೆ ಅದನ್ನು ತೆಗೆದಿಡುತ್ತೀರಿ. ದುರ್ಬೀನು ಎರಡಿರಲಿ, 8×42 ಸಾಕು. ಒಂದೇ ಇದ್ದರೆ ಮಗುವಿನ ಕೈಗೆ ಬರುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ. ಗೊತ್ತುಪಡಿಸಿದ ಜಾಗಗಳಲ್ಲಿ ಬಿಟ್ಟು ಎಲ್ಲೂ ಗಾಡಿಯಿಂದ ಇಳಿಯುವಂತಿಲ್ಲ, ಹಾಗಾಗಿ ಹೊರಡುವ ಮೊದಲೇ ಎಲ್ಲರೂ ಶೌಚ ಮುಗಿಸಿರಲಿ.

ಬಿಡುವಿದ್ದರೆ ಒಂದು ಮುಂಜಾನೆ ಕೋಸಿ ನದಿಯ ದಡಕ್ಕೆ ಇಡಿ. ಗರ್ಜಿಯಾ ದೇವಿ ಗುಡಿಯ ಸುತ್ತಮುತ್ತ ಉರುಟುಕಲ್ಲಿನ ನಡುವೆ ಕ್ರೆಸ್ಟೆಡ್ ಕಿಂಗ್‌ಫಿಷರ್, ರೆಡ್‌ಸ್ಟಾರ್ಟ್ ಹಕ್ಕಿಗಳು ಸಿಗುತ್ತವೆ. ಪಕ್ಷಿಪ್ರಿಯರು ದೂರದಿಂದ ಹುಡುಕಿಕೊಂಡು ಬರುವ ಐಬಿಸ್‌ಬಿಲ್ ಚಳಿಗಾಲದ ಅತಿಥಿ, ಏಪ್ರಿಲ್ 10ರ ಹೊತ್ತಿಗೆ ಮೇಲಿನ ಬೆಟ್ಟಗಳಿಗೆ ಹೊರಟಿರುವ ಸಂಭವವೇ ಹೆಚ್ಚು. ಅಪ್ಪನವರು ಗುಡಿಯ ಮೆಟ್ಟಿಲು ಹತ್ತುವುದು ಬೇಡ, ಹಕ್ಕಿ ನೋಡಲು ಕೆಳಗಿನ ದಡವೇ ಸಾಕು.